ಕತ್ತರಿಸೋದು ಸುಲಭ, ರೇಟು ಹೇಳೋದೇ ಕಷ್ಟ

'ತಮ್ಮಾ, ಇದನ್ನೆಲ್ಲ ಲೆವೆಲ್ ಮಾಡಿಕೊಡಾಕ ಎಷ್ಟ್ ತಗೊಂತೀ?'

2023ರ ಅಕ್ಟೋಬರ್. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯ ಪಕ್ಕದ ಒಂದು ಸಂಸ್ಥೆ. ಕೇಳಿದವರು ಅಲ್ಲಿನ ವ್ಯವಸ್ಥಾಪಕರು. ಅವರ ಬೆನ್ನ ಹಿಂದೆ ಕಾಂಪೌಂಡಿನ ಉದ್ದಕ್ಕೂ ಡುರಾಂಟ ಗಿಡದ ಬೇಲಿ. ಒಂದು ಕಾಲದಲ್ಲಿ ಎದೆಮಟ್ಟಕ್ಕೆ ಕತ್ತರಿಸಿ ಇಟ್ಟಿದ್ದಂತೆ, ಆಮೇಲೆ ಯಾರೂ ಮುಟ್ಟಿಲ್ಲ. ಈಗ ಆಳೆತ್ತರ ದಾಟಿ, ಅತ್ತಿತ್ತ ಚಾಚಿ, ನಡೆಯುವ ದಾರಿಯನ್ನೇ ಅರ್ಧ ನುಂಗಿತ್ತು. ಮುಂದಿನ ವಾರ ಅವರಲ್ಲಿ ಕಾರ್ಯಕ್ರಮ, ದೊಡ್ಡವರು ಬರುವವರಿದ್ದರು.

ನಾನು ಬೇಲಿಯನ್ನು ಸರಿಯಾಗಿ ನೋಡಲೂ ಇಲ್ಲ. ಅವರ ಮುಖ ನೋಡಿದೆ. ಎಷ್ಟು ಹೇಳಿದರೆ ಇವರು ಬೇಡ ಅನ್ನುವುದಿಲ್ಲ ಎಂಬುದಷ್ಟೇ ನನ್ನ ತಲೆಯಲ್ಲಿದ್ದ ಲೆಕ್ಕ. 'ನಾಲ್ಕು ಸಾವಿರ ಕೊಡ್ರಿ ಸರ್' ಎಂದೆ. 'ಆಯ್ತು, ನಾಳೇನ ಬಾ' ಅಂದರು. ಒಂದು ಮಾತು ಚೌಕಾಸಿ ಮಾಡದೆ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಒಂದು ದಿನದ ಕೆಲಸಕ್ಕೆ ನಾಲ್ಕು ಸಾವಿರ ಎಂದು ಬೈಕ್ ಮೇಲೆ ಹಾಡು ಹೇಳಿಕೊಂಡು ಮನೆಗೆ ಬಂದೆ.

ಅದು ಮೂರು ದಿನದ ಕೆಲಸವಾಯಿತು.

ನನ್ನ ಜೊತೆ ಚಿಕ್ಕಪ್ಪನ ಮಗ ಇದ್ದ. ಬೆಳಿಗ್ಗೆ ಆರಕ್ಕೆ ಶುರು, ಸಂಜೆ ಕತ್ತಲಾಗುವವರೆಗೆ. ಹೆಬ್ಬೆರಳು ಗಾತ್ರದ ಟೊಂಗೆಗಳಿಗೆ ಯಂತ್ರ ಸಿಕ್ಕಿಕೊಳ್ಳುತ್ತಿತ್ತು. ಅವನ್ನು ಕೈ ಕತ್ತರಿಯಿಂದ, ಕೆಲವನ್ನು ಗರಗಸದಿಂದ ಒಂದೊಂದಾಗಿ ಕುಯ್ಯಬೇಕಾಯಿತು. ಎರಡನೇ ದಿನ ಎಲೆಗಳ ಒಳಗೆ ಯಾರೋ ಹಿಂದೆ ಕಟ್ಟಿದ್ದ ಹಳೆಯ ತಂತಿಗೆ ಬ್ಲೇಡ್ ಬಡಿದು ನಾಲ್ಕು ಹಲ್ಲು ಮುರಿದವು. ಮೂರನೇ ದಿನ ಕತ್ತರಿಸಿ ಮುಗಿಸಿದ್ದನ್ನು ನೋಡಿ ಖುಷಿಪಡುವಷ್ಟರಲ್ಲಿ ವ್ಯವಸ್ಥಾಪಕರು ಬಂದು, ನೆಲದ ಮೇಲಿದ್ದ ಟೊಂಗೆಯ ರಾಶಿ ತೋರಿಸಿ, 'ಇದನ್ನ ಯಾರ್ ಒಯ್ಯಬೇಕು?' ಅಂದರು. ಒಯ್ಯುವ ಮಾತೇ ಆಗಿರಲಿಲ್ಲ. ಆದರೆ ಒಯ್ಯುವುದಿಲ್ಲ ಎಂಬ ಮಾತೂ ಆಗಿರಲಿಲ್ಲ. ಟ್ರ್ಯಾಕ್ಟರ್ ಕರೆಸಿದೆ. ಎರಡು ಟ್ರಿಪ್.

ದುಡ್ಡು ಕೈಗೆ ಬಂದದ್ದು ಮೂರು ವಾರದ ಮೇಲೆ. ಅಷ್ಟರಲ್ಲಿ ಖರ್ಚು ಹೀಗಾಗಿತ್ತು: ತಮ್ಮನ ಕೂಲಿ ದಿನಕ್ಕೆ 500ರಂತೆ 1,500, ಪೆಟ್ರೋಲ್ ಮತ್ತು ಆಯಿಲ್ 1,050, ಟ್ರ್ಯಾಕ್ಟರ್ 1,200, ಬ್ಲೇಡ್ ರಿಪೇರಿ 400, ಬೈಕ್ ಪೆಟ್ರೋಲ್ 150. ಒಟ್ಟು 4,300. ಮೂರು ದಿನ ಬಿಸಿಲಲ್ಲಿ ಬೆಂದು, ಕೈಯಿಂದ 300 ರೂಪಾಯಿ ಕೊಟ್ಟು ಬಂದಿದ್ದೆ. ಅಂದಹಾಗೆ ನಾನು ಬಿ.ಕಾಂ. ಕಾಸ್ಟ್ ಅಕೌಂಟಿಂಗ್ ಪೇಪರಿನಲ್ಲಿ ಒಳ್ಳೆಯ ಅಂಕ ತೆಗೆದವನು.

ದುಡ್ಡಿಗಿಂತ ನೋವಾದದ್ದು ಬೇರೆ. ತಮ್ಮನಿಗೆ ಕೆಲಸ ಮುಗಿದ ದಿನ 500 ಮಾತ್ರ ಕೊಡಲು ಸಾಧ್ಯವಾಯಿತು. ಉಳಿದದ್ದು 'ಬಿಲ್ ಬಂದ ಕೂಡಲೇ' ಎಂದೆ. ಆ ವಾರ ಅವನ ಬೈಕಿನ ಕಂತು ಬೌನ್ಸ್ ಆಗಿ ದಂಡ ಬಿತ್ತು. ಮೂರು ವಾರ ಬಿಟ್ಟು ಸಾವಿರ ರೂಪಾಯಿ ಕೊಟ್ಟಾಗ ಎಣಿಸದೆ ಜೇಬಿಗಿಟ್ಟುಕೊಂಡ, ಏನೂ ಅನ್ನಲಿಲ್ಲ. ಮುಂದಿನ ಕೆಲಸಕ್ಕೆ ಫೋನ್ ಮಾಡಿದರೆ ಎತ್ತಲಿಲ್ಲ. ದೀಪಾವಳಿ ಮುಗಿಸಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿಬಿಟ್ಟ.

ಸಂಬಳದವನಿಗೆ ರೇಟು ಕಾಣುವುದಿಲ್ಲ

ನಾನು ಈ ಕೆಲಸ ಕಲಿತದ್ದೂ ಬೆಂಗಳೂರಿನಲ್ಲೇ. ಡಿಗ್ರಿ ಮುಗಿಸಿ ಎರಡು ವರ್ಷ ಎಫ್‌ಡಿಎ, ಎಸ್‌ಡಿಎ, ಪಿಡಿಒ ಎಂದು ಓದಿದೆ. ಒಂದರಲ್ಲಿ ಸ್ವಲ್ಪದರಲ್ಲಿ ತಪ್ಪಿತು, ಇನ್ನೊಂದರಲ್ಲಿ ಬಹಳವೇ ತಪ್ಪಿತು. ಆಮೇಲೆ ಪರಿಚಯದವರ ಮೂಲಕ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್‌ಗಳ ತೋಟ ನೋಡಿಕೊಳ್ಳುವ ಗುತ್ತಿಗೆದಾರರ ಬಳಿ ಹದಿನಾಲ್ಕು ತಿಂಗಳು ಕೆಲಸ ಮಾಡಿದೆ. ಹೆಡ್ಜ್ ಟ್ರಿಮ್ಮರ್ ಹಿಡಿಯುವುದು, ಎರಡು ಗೂಟಕ್ಕೆ ದಾರ ಕಟ್ಟಿ ಮಟ್ಟ ನೋಡುವುದು, ಬುಡ ಅಗಲ, ತುದಿ ಸ್ವಲ್ಪ ಕಿರಿದು ಬರುವಂತೆ ಕತ್ತರಿಸುವುದು (ಹಾಗಿದ್ದರೆ ಕೆಳಗಿನ ಎಲೆಗೂ ಬಿಸಿಲು ಸಿಕ್ಕಿ ಬುಡ ಬೋಳಾಗುವುದಿಲ್ಲ), ಎಲ್ಲವೂ ಅಲ್ಲಿ ಬಂತು. ಅಪ್ಪನಿಗೆ ಹುಷಾರಿಲ್ಲದೆ ಊರಿಗೆ ಮರಳಿದಾಗ ಕೈಯಲ್ಲಿ ಕೆಲಸವಂತೂ ಇತ್ತು.

ಇರಲಿಲ್ಲದ್ದು ಒಂದೇ. ಅಲ್ಲಿ ನಮಗೆ ತಿಂಗಳ ಸಂಬಳ. ಸೂಪರ್‌ವೈಸರ್ 'ಇವತ್ತು ಎರಡು ಬ್ಲಾಕ್ ಮುಗೀಬೇಕು' ಅನ್ನುತ್ತಿದ್ದರು, ಮುಗಿಸುತ್ತಿದ್ದೆವು. ಆ ಎರಡು ಬ್ಲಾಕಿಗೆ ಮಾಲೀಕರು ಎಷ್ಟು ಬಿಲ್ ಮಾಡಿದರು, ಅದರಲ್ಲಿ ನಮ್ಮ ಸಂಬಳ ಎಷ್ಟು, ಡೀಸೆಲ್ ಎಷ್ಟು, ಕಸ ಒಯ್ದ ಗಾಡಿಗೆ ಎಷ್ಟು? ಒಂದು ದಿನವೂ ಕೇಳಲಿಲ್ಲ. ಸಂಬಳಕ್ಕೆ ದುಡಿಯುತ್ತಿರುವ, ಮುಂದೆ ಏನಾದರೂ ಸ್ವಂತದ್ದು ಮಾಡಬೇಕೆಂದಿರುವ ಗೆಳೆಯರಿಗೆ ನಾನು ಹೇಳುವುದು ಇದೊಂದೇ: ಕೆಲಸದ ಜೊತೆ ಬಿಲ್ಲನ್ನೂ ನೋಡಿ.

ಊರಲ್ಲಿ ಅವ್ವ ತನ್ನ ಮಹಿಳಾ ಸಂಘದಿಂದ 25,000 ಸಾಲ ಎತ್ತಿಕೊಟ್ಟಳು. ವಾರವಾರ ಕಂತು. 18,000ಕ್ಕೆ ಪೆಟ್ರೋಲ್ ಟ್ರಿಮ್ಮರ್ ಬಂತು. ಉಳಿದದ್ದರಲ್ಲಿ ದೊಡ್ಡ ಕತ್ತರಿ, ಏಣಿ, ಗರಗಸ, ಕನ್ನಡಕ, ಗ್ಲೌಸ್, ಒಂದು ತಾಡಪತ್ರಿ. 'ಮಸ್ಕಿಯಾಗ ಗಿಡ ಕತ್ತರಿಸಾಕ ರೊಕ್ಕ ಕೊಡೋರು ಯಾರದಾರ?' ಎಂದು ಓಣಿಯವರು ನಕ್ಕರು. ನಮ್ಮ ಊರೆಂದರೆ ಜನಕ್ಕೆ ಗೊತ್ತಿರುವುದು ಅಶೋಕನ ಶಾಸನ. 1915ರಲ್ಲಿ ಸಿಕ್ಕ ಆ ಶಾಸನದಲ್ಲಿ ಅಶೋಕನ ಹೆಸರಿದೆ ಎಂಬುದು ಪರೀಕ್ಷೆಗೆ ಓದುವವರಿಗೆಲ್ಲ ಬಾಯಿಪಾಠ. ಅದು ಬಿಟ್ಟರೆ ಭತ್ತ, ಹತ್ತಿ, ಬಿಸಿಲು. ಆದರೆ ಕಣ್ಣು ಬಿಟ್ಟು ನೋಡಿದರೆ ಬೇಲಿಗಳು ಕಾಣುತ್ತವೆ. ಸಿಂಧನೂರಿನ ಅಕ್ಕಿ ಗಿರಣಿಗಳ ಮುಂದೆ, ಹೊಸ ಲೇಔಟುಗಳಲ್ಲಿ, ಖಾಸಗಿ ಶಾಲೆ, ಕಲ್ಯಾಣ ಮಂಟಪ, ಪೆಟ್ರೋಲ್ ಬಂಕು, ಲಿಂಗಸುಗೂರು ಕಡೆಯ ಕ್ವಾರ್ಟರ್ಸುಗಳಲ್ಲಿ. ಹಾಕಿಸುವಾಗ ಉತ್ಸಾಹ. ಕತ್ತರಿಸುವವರು ಯಾರೂ ಇಲ್ಲ.

'ಇದರಾಗ ನಿಂದೆಷ್ಟು?'

ಆ ನಾಲ್ಕು ಸಾವಿರ ಬಂದ ರಾತ್ರಿ ನೋಟ್‌ಬುಕ್ ಹಿಡಿದು ಕುಳಿತಿದ್ದೆ. ಅವ್ವ ಹತ್ತಿ ಬಿಡಿಸಿ ಬಂದು ರೊಟ್ಟಿ ಬಡಿಯುತ್ತಿದ್ದಳು. ಲೆಕ್ಕ ಓದಿ ಹೇಳು ಅಂದಳು. ಓದಿದೆ. ಸುಮ್ಮನೆ ಕೇಳಿ, 'ಇದರಾಗ ನಿಂದೆಷ್ಟು?' ಅಂದಳು.

'ನಂದೇನು?'

'ನಿನ್ನ ಪಗಾರ. ಅವಂಗ ಐದನೂರು ಹಿಡದೀ. ನೀ ಏನ್ ಪುಕ್ಕಟ ದುಡದೇನು?'

ನಾನು ನನ್ನ ಕೂಲಿಯನ್ನು ಎಲ್ಲೂ ಬರೆದೇ ಇರಲಿಲ್ಲ. ಉಳಿದದ್ದೇ ನನ್ನದು ಅಂದುಕೊಂಡಿದ್ದೆ. ಉಳಿಯಲಿಲ್ಲ, ಹಾಗಾಗಿ ನನ್ನದು ಏನೂ ಇರಲಿಲ್ಲ.

ಅವ್ವ ಶಾಲೆಗೆ ಹೋದವಳಲ್ಲ. ಆದರೆ ಅವಳ ಗುಂಪಿಗೆ ರೇಟು ಮಾತಾಡುವುದು ಗೊತ್ತು. ನಮ್ಮ ಕಡೆ ಕೃಷಿ ಕೆಲಸಕ್ಕೆ ಮೂರು ನಮೂನೆ ಲೆಕ್ಕ. ಕಳೆ ತೆಗೆಯುವುದು ದಿನಗೂಲಿ. ಭತ್ತದ ನಾಟಿ ಎಕರೆಗೆ ಇಷ್ಟು ಎಂದು ಗುತ್ತಿಗೆ. ಹತ್ತಿ ಬಿಡಿಸುವುದು ಕಿಲೋ ಲೆಕ್ಕ. ಅವಳು ಕೇಳಿದಳು: 'ಮೊದಲನೇ ಸಲ ಬಿಡಿಸಾಕ ಕಿಲೋಕ್ಕ ಒಂದು ರೇಟು, ಕಡೇ ಸಲಕ್ಕ ಇನ್ನೊಂದು ರೇಟು. ಯಾಕ ಹೇಳು?'

'ಕಡೇಕ ಹತ್ತಿ ಕಡಿಮಿ ಇರ್ತದ.'

'ಹತ್ತಿ ಕಡಿಮಿ, ತಿರುಗಾಟ ಅಷ್ಟೇ. ದಿನಾಪೂರ್ತಿ ಬಿಡಿಸಿದ್ರೂ ಚೀಲ ತುಂಬಂಗಿಲ್ಲ. ಅದಕ್ಕ ಏರಿಸಿ ಕೇಳ್ತೀವಿ. ನಿನ್ನ ಗಿಡಾನೂ ಹಂಗ ಅಲ್ಲೇನು? ಯಾವಾಗಲೂ ಕತ್ತರಿಸಿದ ಗಿಡ ಬ್ಯಾರೆ, ಮೂರು ವರ್ಷ ಬಿಟ್ಟ ಗಿಡ ಬ್ಯಾರೆ. ಎರಡಕ್ಕೂ ಒಂದ ರೇಟ್ ಹೇಳಿದರ ನಿಂಗ ಯಾರ್ ಶಾಣ್ಯಾ ಅಂತಾರ?'

ಮರುದಿನದಿಂದ ಪ್ರತಿ ಕೆಲಸಕ್ಕೂ ಬರೆದಿಡಲು ಶುರು ಮಾಡಿದೆ. ಎಷ್ಟು ಅಡಿ ಉದ್ದ, ಎಷ್ಟು ಎತ್ತರ, ಒಂದೇ ಬದಿಯೋ ಎರಡೂ ಬದಿಯೋ, ಹಿಂದಿನ ಸಲ ಯಾವಾಗ ಕತ್ತರಿಸಿದ್ದು, ಶುರು ಎಷ್ಟು ಗಂಟೆ, ಮುಗಿದದ್ದು ಎಷ್ಟು ಗಂಟೆ, ಅದರಲ್ಲಿ ಕತ್ತರಿಸಿದ್ದು ಎಷ್ಟು, ಗುಡಿಸಿ ತುಂಬಿದ್ದು ಎಷ್ಟು. ಹತ್ತು ಹನ್ನೆರಡು ಕೆಲಸ ಆಗುವಷ್ಟರಲ್ಲಿ ಎರಡು ಅಂಕಿ ಗಟ್ಟಿಯಾದವು. ನಾನೂ ಒಬ್ಬ ಹೆಲ್ಪರ್ರೂ ಸೇರಿ, ಎರಡು ತಿಂಗಳಿಗೊಮ್ಮೆ ಕತ್ತರಿಸುವ ಎದೆಮಟ್ಟದ ಬೇಲಿಯಾದರೆ, ಎರಡು ಬದಿ ಮತ್ತು ತಲೆ ಸೇರಿ ದಿನಕ್ಕೆ ಸುಮಾರು 300 ಅಡಿ ಮುಗಿಸುತ್ತೇವೆ. ವರ್ಷಗಟ್ಟಲೆ ಬಿಟ್ಟ ಬೇಲಿಯಾದರೆ 100 ಅಡಿ.

ಇನ್ನೊಂದು ಕಡೆ ನಮ್ಮಿಬ್ಬರ ಒಂದು ದಿನದ ಖರ್ಚು. ಉದ್ಯೋಗ ಖಾತ್ರಿಯಲ್ಲಿ 2025–26ಕ್ಕೆ ಕರ್ನಾಟಕದ ದಿನಗೂಲಿ 370 ರೂಪಾಯಿ. ಅದಕ್ಕಿಂತ ಕೆಳಗೆ ಇಳಿಯುವ ಮಾತಿಲ್ಲ. ಯಂತ್ರ ಹಿಡಿಯುವವನಿಗೆ, ಅಂದರೆ ನನಗೆ 800. ಹೆಲ್ಪರ್‌ಗೆ 600. ಪೆಟ್ರೋಲ್, ಟೂ-ಸ್ಟ್ರೋಕ್ ಆಯಿಲ್ ಸೇರಿ 350. ಬೈಕ್ 100. ಬ್ಲೇಡ್ ಸಾಣೆಗೆಂದು ದಿನಕ್ಕೆ 40. ಯಂತ್ರದ ಸವಕಳಿಯನ್ನು ನಾನು ಬಹಳ ದಿನ ಮರೆತಿದ್ದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬೇಲಿ ಕತ್ತರಿಸಿದರೆ ಒಳಗಿನ ಎಳೆ ಎಲೆ ಸುಟ್ಟುಹೋಗುತ್ತವೆ, ಕೆಲಸವೂ ಇರುವುದಿಲ್ಲ. ಗಿಡ ಭರದಿಂದ ಬೆಳೆಯುವುದು ಮಳೆಗಾಲದಲ್ಲಿ. ವರ್ಷಕ್ಕೆ ಯಂತ್ರ ಓಡುವುದು ಹೆಚ್ಚೆಂದರೆ 150 ದಿನ. ಎರಡು ವರ್ಷ ಬಾಳಿದರೆ 300 ದಿನ, ದಿನಕ್ಕೆ 60 ರೂಪಾಯಿ. ಎಲ್ಲ ಸೇರಿದರೆ 1,950. ಇದರ ಮೇಲೆ 450 ಇಟ್ಟು 2,400 ಮಾಡಿದೆ. ಈ 450 ಲಾಭ ಎಂದು ನಾನು ಕರೆಯುವುದಿಲ್ಲ. ಸಂಘದ ಬಡ್ಡಿ, ಮಳೆ ಬಂದು ಅರ್ಧಕ್ಕೆ ನಿಂತ ದಿನ, ನೋಡಿ ಬಂದು ಸಿಗದೇ ಹೋದ ಕೆಲಸ, ಮುರಿದ ಹಲ್ಲು, ಎಲ್ಲಕ್ಕೂ ಅದೇ ಗತಿ. ಉಳಿದರೆ ನನ್ನ ಪುಣ್ಯ.

2,400ನ್ನು 300 ಅಡಿಗೆ ಭಾಗಿಸಿದರೆ ಅಡಿಗೆ 8 ರೂಪಾಯಿ. 100 ಅಡಿಗೆ ಭಾಗಿಸಿದರೆ 24. ಏಣಿ ಹಾಕಬೇಕಾದಷ್ಟು ಎತ್ತರವಿದ್ದರೆ ಇದರ ಮೇಲೆ ಅರ್ಧ ಸೇರುತ್ತದೆ, ಯಾಕೆಂದರೆ ನಾಲ್ಕೈದು ಅಡಿಗೊಮ್ಮೆ ಇಳಿದು ಏಣಿ ಸರಿಸಬೇಕು. ಕಸ ಒಯ್ಯುವುದು ಬೇರೆ, ಟ್ರ್ಯಾಲಿ ಲೆಕ್ಕ.

ಆ ಮೊದಲ ಸಂಸ್ಥೆಯ ಬೇಲಿ ಸರಿಯಾಗಿ 300 ಅಡಿ. ಅವತ್ತು ಈ ಲೆಕ್ಕ ಗೊತ್ತಿದ್ದರೆ 7,200 ಮತ್ತು ಎರಡು ಟ್ರಿಪ್ಪಿನ 1,200 ಸೇರಿ 8,400 ಹೇಳಬೇಕಿತ್ತು. ನಾಲ್ಕು ತಿಂಗಳ ನಂತರ, 2024ರ ಫೆಬ್ರುವರಿಯಲ್ಲಿ, ಅದೇ ವ್ಯವಸ್ಥಾಪಕರು ಮತ್ತೆ ಕರೆದರು. ಹೋಗಲು ಮನಸ್ಸಿರಲಿಲ್ಲ. ಆದರೂ ಹೋದೆ, ಟೇಪು ಹಿಡಿದು. ಚಳಿಗಾಲ, ನೀರೂ ಕಡಿಮೆ. ಗಿಡ ಒಂದು ಗೇಣು ಮಾತ್ರ ಚಿಗುರಿತ್ತು. 300 ಅಡಿಗೆ 2,400, ಒಂದು ಟ್ರ್ಯಾಲಿಗೆ 600, ಒಟ್ಟು 3,000 ಎಂದು ಚೀಟಿ ಬರೆದುಕೊಟ್ಟೆ. ಅವರು ಚೀಟಿ ತಿರುಗಿಸಿ ನೋಡಿದರು. 'ಹೋದ ಸಲ ನಾಲ್ಕು ಸಾವಿರ ಅಂದಿದ್ದೆಲ್ಲೋ?' ಅಂದರು. ಕೆಲಸ ಒಂದೇ ದಿನದಲ್ಲಿ ಮುಗಿಯಿತು. ನಾಲ್ಕು ಸಾವಿರ ತಗೊಂಡು ಕೈ ಸುಟ್ಟುಕೊಂಡವನು ಮೂರು ಸಾವಿರಕ್ಕೆ ನನ್ನ ಕೂಲಿ ಪೂರ್ತಿ ತೆಗೆದುಕೊಂಡು ಮನೆಗೆ ಬಂದೆ. ಕಸದ ಮಾತನ್ನು ಈ ಸಲ ಚೀಟಿಯಲ್ಲೇ ಬರೆದಿದ್ದೆ, ಅವತ್ತಿನ ದುಡ್ಡು ಅವತ್ತೇ ಎಂಬುದನ್ನೂ.

ಹ್ಯೂಮನ ಮುಳ್ಳು

ಕಸ ಒಯ್ಯುವ ವಿಷಯಕ್ಕೆ ಬಂದರೆ, ಇದು ನನ್ನೊಬ್ಬನ ಗೋಳಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಎಲ್ಲರಿಗೂ ಎ.ಒ. ಹ್ಯೂಮ್ ಗೊತ್ತು. 1885, ಭಾರತೀಯ ರಾಷ್ಟ್ರೀಯ ಕಾಂಗ್ರೆಸ್, ಒಂದು ಅಂಕ. ಆ ಹ್ಯೂಮ್ ಅದಕ್ಕೂ ಮೊದಲು, 1867ರಿಂದ 1870ರವರೆಗೆ, ಒಳನಾಡು ಸುಂಕದ ಇಲಾಖೆಯ ಕಮಿಷನರ್ ಆಗಿದ್ದರು. ತೆರಿಗೆ ಕಟ್ಟದೆ ಉಪ್ಪು ಸಾಗಿಸುವುದನ್ನು ತಡೆಯಲು ಬ್ರಿಟಿಷರು ಉತ್ತರ ಮತ್ತು ಮಧ್ಯ ಭಾರತದಲ್ಲಿ ನೂರಾರು ಮೈಲಿ ಉದ್ದದ ಮುಳ್ಳಿನ ಬೇಲಿ ಹಾಕಿದ್ದರು. ಮೊದಮೊದಲು ಅದು ಒಣ ಮುಳ್ಳಿನ ಬೇಲಿ. ಹ್ಯೂಮ್ ಲೆಕ್ಕ ಹಾಕಿಸಿದರು: ಒಂದು ಮೈಲಿ ಒಣ ಬೇಲಿಗೆ 250 ಟನ್ ಮುಳ್ಳು ಬೇಕು, ಅದನ್ನು ದೂರದಿಂದ ಹೊತ್ತು ತರಬೇಕು. ಗೆದ್ದಲು, ಬೆಂಕಿ, ಗಾಳಿಗೆ ಹಾಳಾದದ್ದನ್ನು ಮತ್ತೆ ಹೊತ್ತು ತರಬೇಕು. ಮುಳ್ಳು ಪುಕ್ಕಟೆ, ಸಾಗಾಟ ದುಬಾರಿ. ಹಾಗಾಗಿ ಅವರು ಜೀವಂತ ಗಿಡಗಳನ್ನೇ ಬೆಳೆಸುವ ಕಡೆ ಗಮನ ಕೊಟ್ಟರು. 1879ರಲ್ಲಿ ಆ ಸುಂಕದ ಗಡಿಯನ್ನೇ ಕೈಬಿಟ್ಟರು. ಜನರ ಉಪ್ಪಿಗೆ ಬೇಲಿ ಹಾಕಿದ ಆ ಕೆಲಸದ ಬಗ್ಗೆ ನನಗೆ ಗೌರವವೇನೂ ಇಲ್ಲ. ಆದರೆ ಟೊಂಗೆಯ ರಾಶಿ ಮುಂದೆ ನಿಂತು ಟ್ರ್ಯಾಕ್ಟರ್ ಡ್ರೈವರನ ಜೊತೆ ಚೌಕಾಸಿ ಮಾಡುವಾಗೆಲ್ಲ ಹ್ಯೂಮ್ ನೆನಪಾಗುತ್ತಾರೆ.

ನಾನು ಕಂಡುಕೊಂಡ ಸಣ್ಣ ಉಪಾಯ ತಾಡಪತ್ರಿ. ಕತ್ತರಿಸುವ ಮೊದಲೇ ಬೇಲಿ ಬುಡಕ್ಕೆ ಹಾಸಿಬಿಟ್ಟರೆ ಗುಡಿಸುವ ಸಮಯ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಸುಬಾಬುಲ್ ಸೊಪ್ಪಾದರೆ ಆಡು ಸಾಕಿದವರು ತಾವೇ ಬಂದು ಒಯ್ಯುತ್ತಾರೆ. ಡುರಾಂಟ ಮಾತ್ರ ಹಾಕಬಾರದು, ಅದರ ಎಲೆ ಮತ್ತು ಕಾಯಿ ವಿಷ. ಈಚೆಗೆ ಎಲ್ಲರೂ ಕೊನೊಕಾರ್ಪಸ್ ಹಾಕಿಸುತ್ತಿದ್ದಾರೆ. ನೀರು ಕಂಡರೆ ಸಾಕು, ಹುಚ್ಚೆದ್ದು ಬೆಳೆಯುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ. ನನ್ನ ಹೊಟ್ಟೆಪಾಡಿಗೆ ಅದಕ್ಕಿಂತ ಒಳ್ಳೆಯ ಗಿಡ ಇಲ್ಲ. ಆದರೂ ಯಾರಾದರೂ ಕೇಳಿದರೆ ಗೋರಂಟಿ ಹಾಕಿಸಿ ಎನ್ನುತ್ತೇನೆ. ನಮ್ಮ ಬಿಸಿಲಿಗೆ ಅದೇ ಸರಿ, ಹೆಣ್ಣುಮಕ್ಕಳ ಕೈಗೂ ಆಗುತ್ತದೆ.

ಬಳ್ಳಾರಿ ಜಾಲಿಯದು ಬೇರೆಯೇ ಲೆಕ್ಕ. ಹೊಲದ ಬದು, ಕಾಲುವೆ ದಂಡೆ, ಖಾಲಿ ಸೈಟು ಎಲ್ಲ ಕಡೆ ಅದೇ. ರೈತರು ಕರೆದು, 'ಕಟ್ಟಿಗಿ ನೀನ ಒಯ್ಯೋ, ಮತ್ತ ನಾ ಯಾಕ ರೊಕ್ಕ ಕೊಡ್ಲಿ?' ಅನ್ನುತ್ತಾರೆ. ಮಾತು ಪೂರ್ತಿ ತಪ್ಪಲ್ಲ. ದಪ್ಪ ಕಟ್ಟಿಗೆಯಾದರೆ ಇದ್ದಿಲು ಸುಡುವವರು, ಹೋಟೆಲಿನವರು ಕೊಳ್ಳುತ್ತಾರೆ. ಕಟ್ಟಿಗೆ ಮಾರಿದ ದುಡ್ಡು ರೇಟಿನಲ್ಲಿ ಕಳೆಯಲೇಬೇಕು. ಆದರೆ ಸಣ್ಣ ಮುಳ್ಳಿನ ಪೊದೆಗೆ ಕೊಳ್ಳುವವರಿಲ್ಲ, ಮುಳ್ಳು ಮಾತ್ರ ಬೂಟಿನ ತಳ ಸೀಳಿ ಬರುತ್ತದೆ. ಇನ್ನೂ ಮುಖ್ಯವಾದದ್ದು, ಜಾಲಿಯನ್ನು ಕತ್ತರಿಸಿದರೆ ಸಾಯುವುದಿಲ್ಲ, ಬುಡದಿಂದ ಮತ್ತೆ ನಾಲ್ಕಾಗಿ ಚಿಗುರುತ್ತದೆ. ಒಬ್ಬ ರೈತರು ಮೂರು ತಿಂಗಳ ಮೇಲೆ ಫೋನ್ ಮಾಡಿ, 'ಏನ್ ಕಡದಿಯೋ ನೀನು, ಮೊದಲಿಗಿಂತ ಜಾಸ್ತಿ ಆಗೇದ' ಎಂದು ಬೈದರು. ತಪ್ಪು ನನ್ನದೇ. ಕತ್ತರಿಸುವುದಕ್ಕೂ ಬುಡಸಮೇತ ಕೀಳುವುದಕ್ಕೂ ಇರುವ ವ್ಯತ್ಯಾಸವನ್ನು ಮೊದಲೇ ಹೇಳಿರಲಿಲ್ಲ. ಕೀಳುವುದಾದರೆ ಅದು ಜೆಸಿಬಿ ಕೆಲಸ, ಗಂಟೆ ಲೆಕ್ಕ, ನನ್ನದಲ್ಲ. ಹಾಗೆಯೇ, 'ಇದೊಂದು ಬೇವಿನ ಮರಾನೂ ಕೆಡವಿಬಿಡು' ಎನ್ನುವವರು ಬಹಳ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಚೀಟಿ ತಂದರೆ ನೋಡೋಣ ಎಂದು ಹೇಳಿ ಜಾರಿಕೊಳ್ಳುತ್ತೇನೆ.

'ಐದನೂರಕ್ಕ ಮಾಡೋರದಾರ'

ರೇಟು ಗೊತ್ತಾಗುವುದು ಒಂದು, ಅದನ್ನು ಬಾಯಿಬಿಟ್ಟು ಹೇಳುವುದು ಇನ್ನೊಂದು. ಪರಿಚಯದವರ ಮುಂದೆ ನನ್ನ ನಾಲಿಗೆ ಈಗಲೂ ಒಣಗುತ್ತದೆ. 'ಮಚ್ಚು ತಗೊಂಡು ಬರೋರು ಐದನೂರಕ್ಕ ಮಾಡ್ತಾರ' ಎಂದು ಎಲ್ಲರೂ ಹೇಳುತ್ತಾರೆ. ಮೊದಲು ನಾನೂ ಇಳಿಯುತ್ತಿದ್ದೆ. ಈಗ, 'ಅವರ ಕಡೆ ಮಾಡಿಸ್ರಿ ಅಣ್ಣಾ, ಅವರೂ ಬದುಕಬೇಕಲ್ಲ' ಎನ್ನುತ್ತೇನೆ. ವ್ಯಂಗ್ಯವಾಗಿ ಅಲ್ಲ. ಐದು ಗಿಡ ಸವರುವ ಕೆಲಸಕ್ಕೆ ದಿನಗೂಲಿಯವರೇ ಸರಿ, ಅವರ ಅನ್ನಕ್ಕೆ ನಾನು ಕೈ ಹಾಕಬಾರದು. 200 ಅಡಿ ದಾರ ಹಿಡಿದಂತೆ ಬರಬೇಕು ಅನ್ನುವವರು ನನ್ನ ಗಿರಾಕಿ. ಅವರಲ್ಲೂ ನಾಲ್ವರಲ್ಲಿ ಒಬ್ಬರು ರೇಟು ಕೇಳಿ ಬೇಡ ಅನ್ನುತ್ತಾರೆ. ಯಾರೂ ಬೇಡ ಅನ್ನದ ತಿಂಗಳು ನನಗೆ ಭಯವಾಗುತ್ತದೆ, ಎಲ್ಲೋ ಕಡಿಮೆ ಹೇಳುತ್ತಿದ್ದೇನೆ ಎಂದು.

ಸಣ್ಣ ಮನೆಗಳದ್ದು ಬೇರೆ ತೊಡಕು. 20 ಅಡಿ ಬೇಲಿಗೆ ಅಡಿ ಲೆಕ್ಕ ಹಿಡಿದರೆ 160 ರೂಪಾಯಿ. ಗಾಡಿ ತೆಗೆದು ಹೋಗಿ ಬರುವುದಕ್ಕೇ ಸಾಲದು. ಅದಕ್ಕೆ ಎಷ್ಟೇ ಸಣ್ಣ ಕೆಲಸವಿರಲಿ 700ಕ್ಕಿಂತ ಕಡಿಮೆಗೆ ಹೋಗುವುದಿಲ್ಲ. ಆದರೆ ಅದೇ ಸಾಲಿನ ನಾಲ್ಕು ಮನೆಯವರು ಒಂದೇ ದಿನ ಮಾಡಿಸಿದರೆ ಮನೆಗೆ 400. ಸಿಂಧನೂರಿನ ಒಂದು ಲೇಔಟಿನಲ್ಲಿ ಒಬ್ಬ ಟೀಚರ್ ಅಕ್ಕಾರು ತಾವೇ ಮನೆಮನೆಗೆ ಹೋಗಿ ನಾಲ್ಕು ಮನೆ ಕೂಡಿಸಿಕೊಟ್ಟರು.

ಇನ್ನೊಂದು ವಿಚಿತ್ರ ಕಂಡೆ. 250 ಅಡಿ ಬೇಲಿಗೆ ಒಂದು ಸಲಕ್ಕೆ 2,000 ಎಂದರೆ ಜನ ಹುಬ್ಬೇರಿಸುತ್ತಾರೆ. ಅದನ್ನೇ 'ತಿಂಗಳಿಗೆ ಸಾವಿರ ಕೊಡ್ರಿ, ಎರಡು ತಿಂಗಳಿಗೊಮ್ಮೆ ಬಂದು ಮಾಡಿಕೊಡ್ತೀನಿ' ಎಂದರೆ ಒಪ್ಪುತ್ತಾರೆ. ಲೆಕ್ಕ ಒಂದೇ, ವರ್ಷಕ್ಕೆ 12,000. ನನಗೆ ಮಾತ್ರ ಬೇಸಿಗೆಯಲ್ಲೂ ಕೈಗೆ ದುಡ್ಡು ಬರುತ್ತದೆ. ಈಗ ಇಂಥವು ಐದು ಇವೆ. ಸಂಘದ ಕಂತು ತೀರಿದ್ದು ಇವುಗಳಿಂದಲೇ.

ಕಾಗದಪತ್ರ ಕೇಳುವವರಿಗೆ ಚಿಕ್ಕದಾಗಿ: ಉದ್ಯಮ್ ನೋಂದಣಿ ಉಚಿತ, ಆನ್‌ಲೈನಿನಲ್ಲಿ ನಾವೇ ಮಾಡಿಕೊಳ್ಳಬಹುದು, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ (ನಾನು ಆ ಚಿಂತೆಯಿಂದ ಬಹಳ ದೂರ ಇದ್ದೇನೆ). ಬ್ಯಾಂಕಿನಲ್ಲಿ ಮುದ್ರಾ ಶಿಶು ಸಾಲ 50,000ದವರೆಗೆ ಸಿಗುತ್ತದೆ. ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2 ಲಕ್ಷದ ಅಪಘಾತ ವಿಮೆ ಇದೆ. ನನ್ನ ಜೊತೆ ಬರುವ ಹೆಲ್ಪರ್‌ಗೂ ಮಾಡಿಸಿದ್ದೇನೆ. ಬೇಲಿ ಒಳಗೆ ಕಣಜದ ಗೂಡು ಇರುತ್ತದೆ, ಹಾವೂ ಇರುತ್ತದೆ. ಮೊದಲು ಕೋಲಿನಿಂದ ಬಡಿದು ನೋಡದೆ ಯಂತ್ರ ಹಚ್ಚುವುದಿಲ್ಲ. ಹಕ್ಕಿ ಗೂಡು ಕಟ್ಟಿದ್ದರೆ ಆ ಭಾಗ ಬಿಟ್ಟು ಮುಂದೆ ಹೋಗುತ್ತೇನೆ. ಆ ನಾಲ್ಕಡಿಗೆ ದುಡ್ಡು ಹಿಡಿಯುವುದಿಲ್ಲ.

ಹೋದ ಹತ್ತಿ ಸುಗ್ಗಿಯಲ್ಲಿ ಒಂದು ಸಂಜೆ ಹೊಲದವರೊಬ್ಬರು ಮನೆ ಬಾಗಿಲಿಗೆ ಬಂದು, 'ಯಕ್ಕಾ, ನಾಳೆಗೆ ಹತ್ತು ಮಂದಿ ಬೇಕು, ಕಿಲೋಕ್ಕ ಎಷ್ಟ್ ಹೇಳ್ತೀ?' ಅಂದರು. ಅವ್ವ ಸೆರಗಿಗೆ ಕೈ ಒರೆಸಿಕೊಂಡು, 'ಮೊದಲು ಹೊಲ ನೋಡ್ತೀವ್ರಿ' ಅಂದಳು. ನಾನು ಒಳಗೆ ಬ್ಲೇಡಿಗೆ ಎಣ್ಣೆ ಹಚ್ಚುತ್ತಿದ್ದೆ. ಅವಳು ಇದನ್ನು ನನ್ನಿಂದ ಕಲಿತಳೋ, ಮೊದಲಿನಿಂದಲೂ ಹೀಗೇ ಹೇಳುತ್ತಿದ್ದಳೋ ಗೊತ್ತಿಲ್ಲ. ಮೊದಲಿನಿಂದಲೂ ಇರಬೇಕು.

ಈ ಯುಗಾದಿಗೆ ತಮ್ಮ ಬೆಂಗಳೂರಿನಿಂದ ಬಂದಿದ್ದ. ಒಂದೂವರೆ ವರ್ಷದ ಮೇಲೆ ನಮ್ಮ ಮನೆಯಲ್ಲಿ ಕುಳಿತು ಹೋಳಿಗೆ ಉಂಡ. ಮೂಲೆಯಲ್ಲಿದ್ದ ಯಂತ್ರವನ್ನು ಎತ್ತಿ ತೂಕ ನೋಡಿ ಕೆಳಗಿಟ್ಟ. 'ಈಗ ಹೆಲ್ಪರ್‌ಗೆ ಎಷ್ಟ್ ಕೊಡ್ತೀ?' ಅಂದ.

'ಆರನೂರು. ಅವತ್ತಿಂದು ಅವತ್ತೇ.'

'ಬಿಲ್ ಆಗಲಿಲ್ಲಂದ್ರ?'

'ಆಗಲಿಲ್ಲಂದ್ರೂ.'

ಸ್ವಲ್ಪ ಹೊತ್ತು ಸುಮ್ಮನಿದ್ದು, 'ನೋಡೂಣು, ಮಳಿಗಾಲಕ್ಕ' ಅಂದ. ಅವನ ಬೈಕಿನ ದಂಡ ಎಷ್ಟಾಗಿತ್ತು ಎಂದು ಕೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಈಗ ಜೂನ್. ಮೊದಲ ಮಳೆಗೆ ಬೇಲಿಗಳೆಲ್ಲ ಚಿಗುರಿವೆ, ಲಿಂಗಸುಗೂರಿನಿಂದ 600 ಅಡಿಯ ಒಂದು ಕೆಲಸ ಬಂದಿದೆ, ಎರಡು ದಿನದ್ದು. ಅವನಿಗೆ ಮೆಸೇಜ್ ಹಾಕಿದ್ದೇನೆ. ನೀಲಿ ಗೆರೆ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.